ಗಾದೆ ಹೇಳುವ ಮೊದಲು ‘ಉಂಡ್ಯಾ’ ಅಂತ ಕೇಳಿ

ಹಾಸನದಲ್ಲಿ ಆಪ್ತಸಲಹೆ ಮಾಡಲು ಕೂತು 16 ವರ್ಷ ಆಯಿತು. ಇಷ್ಟು ವರ್ಷದಲ್ಲಿ ನನ್ನ ಕೋಣೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಸಲ ಕೇಳಿದ ಮಾತು ಒಂದು ಗಾದೆ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ.’ ಅತ್ತೆ ಮಾವ ಹೇಳುತ್ತಾರೆ. ಜೊತೆಗೆ ಬಂದ ಊರ ಹಿರಿಯರು ಹೇಳುತ್ತಾರೆ. ಹುಡುಗಿಯನ್ನು ಹೆತ್ತವರು ಇನ್ನೂ ಜಾಸ್ತಿ ಹೇಳುತ್ತಾರೆ. ಅದನ್ನು ಕೇಳಿಸಿಕೊಂಡು ತಿರುಗಿ ಗಂಡನ ಮನೆಗೆ ಹೋದ ಎಷ್ಟೋ ಹೆಣ್ಣುಮಕ್ಕಳನ್ನು ನೋಡಿದ್ದೇನೆ. ಅವರಲ್ಲಿ ಒಬ್ಬಳ ಕಥೆ ಇದು. ಅವಳನ್ನೂ ಅವಳ ಅಪ್ಪನನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ, ಗುರುತು ಸಿಗುವ ಕೆಲವು ವಿವರ ಬದಲಿಸಿದ್ದೇನೆ.

ಅರಕಲಗೂಡು ಕಡೆಯ ರೈತ ಕುಟುಂಬ. ಮುಂಗಾರಿಗೆ ಆಲೂಗಡ್ಡೆ, ಆಮೇಲೆ ರಾಗಿ. ಮಗಳಿಗೆ 27 ವರ್ಷ. ಮದುವೆಯಾಗಿ ಆರು ವರ್ಷ, ನಾಲ್ಕು ವರ್ಷದ ಗಂಡುಮಗು. ಅಪ್ಪ ಊರಲ್ಲಿ ಒಳ್ಳೆಯ ಮಾತುಗಾರ. ಪಂಚಾಯ್ತಿ ಇರಲಿ, ಮದುವೆ ಮಾತುಕತೆ ಇರಲಿ, ಅವರನ್ನು ಕರೆಯದೆ ನಡೆಯುವುದಿಲ್ಲ. ಎಂಥ ಬಿಗಿಯಾದ ಮಾತಿಗೂ ಒಂದು ಗಾದೆ ಹೇಳಿ ಎಲ್ಲರನ್ನೂ ನಗಿಸಿ ತಣ್ಣಗೆ ಮಾಡುತ್ತಾರಂತೆ.

ಮಗಳು ಗಂಡನ ಮನೆ ಬಿಟ್ಟು ಮೂರು ಸಲ ತವರಿಗೆ ಬಂದಿದ್ದಳು. ಮೂರು ಸಲವೂ ಅಪ್ಪನೇ ಬಸ್ ಹತ್ತಿಸಿ ಕಳಿಸಿದ್ದರು. ನಾಲ್ಕನೇ ಸಲ ಅವಳು ತವರಿಗೆ ಹೋಗಲಿಲ್ಲ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು ಸಂಜೆ ತನಕ ಕೂತಿದ್ದಳು. ಪರಿಚಯದ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದಳು. ಅವರು ನನ್ನ ಹತ್ತಿರ ಕರೆತಂದರು.

ಮೊದಲ ದಿನ ಅವಳು ಗಂಡನ ಬಗ್ಗೆ ಹೇಳಿದ್ದು ಕಡಿಮೆ. ಅಪ್ಪನ ಬಗ್ಗೆಯೇ ಹೇಳಿದಳು. ‘ಮೊದಲನೇ ಸಲ ಹೋದಾಗ ಉಂಡು ಮಲಗೋ ತನಕ ಅಂದ್ರು. ಎರಡನೇ ಸಲ ತಾಳಿದವನು ಬಾಳಿಯಾನು ಅಂದ್ರು. ಮೂರನೇ ಸಲ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂದ್ರು ಮೇಡಂ. ಒಂದು ಸಲನೂ ಏನಾಯ್ತು ಮಗಾ ಅಂತ ಕೇಳಲಿಲ್ಲ.’

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಗಾದೆ ಬಗ್ಗೆ ನನಗೇನೂ ಸಿಟ್ಟಿಲ್ಲ. ನಾನು ಬೆಳೆದದ್ದೇ ಗಾದೆ ಕೇಳಿಕೊಂಡು. ನಮ್ಮಜ್ಜಿ ಮುದ್ದೆ ತೊಳಸುತ್ತ ಅರ್ಧ ಗಾದೆ ಹೇಳೋರು, ಉಳಿದ ಅರ್ಧ ನಾವು ಮೊಮ್ಮಕ್ಕಳು ಕೂಗಬೇಕಿತ್ತು. ‘ಕೈ ಕೆಸರಾದರೆ’ ಅಂದರೆ ಸಾಕು, ನಾಲ್ಕು ಬಾಯಿ ಒಟ್ಟಿಗೆ ‘ಬಾಯಿ ಮೊಸರು’ ಅನ್ನುತ್ತಿತ್ತು. ಗಾದೆಯ ಬಲ ಇರುವುದೇ ಅಲ್ಲಿ. ಒಬ್ಬರು ಶುರುಮಾಡಿದರೆ ಕೇಳುವವರ ಬಾಯಲ್ಲೇ ಅದು ಮುಗಿಯುತ್ತದೆ. ಯೋಚನೆ ಮಾಡುವ ಮೊದಲೇ ತಲೆ ಹೌದು ಅಂತ ಆಡಿಬಿಟ್ಟಿರುತ್ತದೆ. ಮತ್ತೆ ಅದಕ್ಕೆ ಒಡೆಯರಿಲ್ಲ. ‘ನಾನು ಹೇಳ್ತಿಲ್ಲಪ್ಪ, ಹಿರಿಯರು ಹೇಳಿದ್ದಾರೆ’ ಅನ್ನಬಹುದು. ಪಂಚಾಯ್ತಿಯಲ್ಲಿ ಇದು ತುಂಬ ಉಪಯೋಗ. ಯಾರ ಹೆಸರೂ ಎತ್ತದೆ ‘ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಅಂದರೆ, ತಗುಲಬೇಕಾದವರಿಗೆ ತಗುಲುತ್ತದೆ. ಮಾನವೂ ಉಳಿಯುತ್ತದೆ.

ಆದರೆ ಗಾದೆಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿಲ್ಲ. ‘ಮಾತು ಬೆಳ್ಳಿ, ಮೌನ ಬಂಗಾರ’ ಅನ್ನುವ ಊರಲ್ಲೇ ‘ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡಲ್ಲ’ ಅನ್ನುತ್ತಾರೆ. ‘ಉಂಡು ಮಲಗುವ ತನಕ’ ಅಂದ ಬಾಯಲ್ಲೇ ‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು’ ಅನ್ನುವುದೂ ಇದೆ. ಎರಡೂ ನಮ್ಮ ಹಿರಿಯರವೇ. ಯಾವುದನ್ನು ಯಾವಾಗ ಎತ್ತಿಕೊಳ್ಳಬೇಕು ಅನ್ನುವುದನ್ನು ಮಾತ್ರ ಅವರು ನಮಗೆ ಬಿಟ್ಟಿದ್ದಾರೆ. ಹಾಗಾದರೆ ಈ ಅಪ್ಪ, ನೂರಾರು ಗಾದೆ ಬಲ್ಲವರು, ಮೂರು ಸಲವೂ ಮಗಳನ್ನು ವಾಪಸ್ ಕಳಿಸುವ ಗಾದೆಯನ್ನೇ ಯಾಕೆ ಎತ್ತಿಕೊಂಡರು? ನನಗೆ ಅದು ತಿಳಿಯಬೇಕಿತ್ತು.

ಅವರು ಬಂದದ್ದು ಹತ್ತು ದಿನದ ಮೇಲೆ, ನಾನು ಎರಡು ಸಲ ಫೋನ್ ಮಾಡಿದ ನಂತರ. ಜುಲೈ ತಿಂಗಳು, ಜಡಿಮಳೆ. ಹೆಗಲ ಮೇಲಿನ ಟವೆಲ್ ಒದ್ದೆಯಾಗಿತ್ತು. ಮಗಳ ಪಕ್ಕ ಒಂದು ಕುರ್ಚಿ ಬಿಟ್ಟು ಕೂತರು. ಮೊಮ್ಮಗನ ತಲೆ ಸವರಿದರು. ಮಗಳ ಮುಖ ನೋಡಲಿಲ್ಲ.

‘ಹೇಳಿ ಯಜಮಾನ್ರೇ’ ಅಂದೆ.

‘ಹೇಳೋದೇನಿದೆ ಮೇಡಂ. ವೇದ ಸುಳ್ಳಾದ್ರೂ ಗಾದೆ ಸುಳ್ಳಾಗಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಇವಳಿಗೆ ಸ್ವಲ್ಪ ಬುದ್ಧಿ ಹೇಳಿ ಕಳಿಸಿ.’

ಇಂಥ ಹೊತ್ತಿನಲ್ಲಿ ಗಾದೆಯನ್ನು ಪಕ್ಕಕ್ಕಿಟ್ಟು ‘ಅದು ಹಾಗಲ್ಲ ಯಜಮಾನ್ರೇ’ ಅಂತ ಶುರುಮಾಡುವುದು ನನ್ನ ರೂಢಿ. ಅವತ್ತು ಮನಸ್ಸು ಬರಲಿಲ್ಲ. ಅವರಿಗೆ ಗಾದೆ ಅಂದರೆ ಜೀವ. ಅದನ್ನು ತಳ್ಳಿದರೆ ಅವರನ್ನೇ ತಳ್ಳಿದ ಹಾಗೆ. ಅದಕ್ಕೆ, ಗಾದೆಯಲ್ಲಿ ಏನಿದೆಯೋ ಅದನ್ನೇ ಕೇಳಿದೆ.

‘ಗಾದೆ ಸುಳ್ಳಲ್ಲ ಯಜಮಾನ್ರೇ. ಅದರಲ್ಲಿ ಉಣ್ಣೋದೂ ಇದೆ, ಮಲಗೋದೂ ಇದೆ. ನಿಮ್ಮ ಮಗಳು ಆ ಮನೇಲಿ ಉಂಡಳಾ?’

ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ‘ಮನೇಲಿದ್ದು ಉಣ್ಣದೆ ಇರ್ತಾರಾ ಮೇಡಂ?’

‘ನನ್ನ ಬಾಯಿಂದ ಬೇಡ. ಅವಳನ್ನೇ ಕೇಳಿ.’

ಅವರು ಕೇಳಲಿಲ್ಲ. ಟವೆಲ್ ತೆಗೆದು ತೊಡೆ ಮೇಲಿಟ್ಟು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು. ನಾನೂ ಸುಮ್ನೆ ಕೂತೆ. ಹೊರಗೆ ಮಳೆ ಹೊಡೆಯುತ್ತಿತ್ತು. ಕೊನೆಗೆ ಮಗಳೇ ಬಾಯಿಬಿಟ್ಟಳು.

‘ಅಕ್ಕಿ, ರಾಗಿ ಹಿಟ್ಟು ಎಲ್ಲ ಅತ್ತೆ ಕೋಣೇಲಿ ಅಪ್ಪ. ಬೀಗ ಹಾಕ್ತಾರೆ. ಇವನಿಗೆ ಹಾಕ್ತಾರೆ, ನಂಗೆ ಉಳಿದ್ರೆ ಉಂಟು. ಅಂಗನವಾಡೀಲಿ ಕೊಟ್ಟ ಮೊಟ್ಟೇಲಿ ಅರ್ಧ ಇವನು ಚಡ್ಡಿ ಜೇಬಲ್ಲಿ ಇಟ್ಕೊಂಡು ಬರೋನು. ಅವ್ವಂಗೆ ಅಂತ.’

ಅಪ್ಪ ಮೊಮ್ಮಗನ ಕಡೆ ನೋಡಿದರು. ಅವನು ನನ್ನ ಮೇಜಿನ ಮೇಲಿದ್ದ ಪೇಪರ್‌ವೇಟ್ ಉರುಳಿಸುತ್ತ ಆಡುತ್ತಿದ್ದ. ಆಮೇಲೆ, ತುಂಬ ಹೊತ್ತಾದ ಮೇಲೆ, ಅವರೇ ಕೇಳಿದರು. ಮಗಳ ಕಡೆ ತಿರುಗಿ ಕೇಳಿದರು.

‘ಮಲಗೋದೆಲ್ಲಿ?’

‘ಕೊಟ್ಟಿಗೆ ಪಕ್ಕದ ಜಗುಲೀಲಿ. ಎಂಟು ತಿಂಗಳಾಯ್ತು.’

ಅವರ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ. ನನ್ನ ಕಡೆ ನೋಡಿ ಹೇಳಿದರು: ‘ಹೋದ ಗೌರಿ ಹಬ್ಬಕ್ಕೆ ಬಾಗಿನ ತಗೊಂಡು ಹೋಗಿದ್ದೆ ಮೇಡಂ. ಕೈ ಎತ್ತಿದ್ರೆ ಬಳೆ ಮೊಣಕೈ ತನಕ ಜಾರ್ತಿತ್ತು. ನೋಡಿದ್ದೆ.’

‘ಆಗ ಕೇಳಲಿಲ್ವಾ?’

‘ಕೇಳಿದ್ರೆ ಹೇಳಿಬಿಡ್ತಾಳಲ್ಲ ಮೇಡಂ.’

ಈ ಬರಹ ಬರೆಯಬೇಕು ಅನ್ನಿಸಿದ್ದೇ ಆ ಮಾತಿನಿಂದ. ಅವರಿಗೆ ಗೊತ್ತಿತ್ತು. ಮೊದಲ ಸಲ ಮಗಳು ಚೀಲ ಹಿಡಿದು ಬಾಗಿಲಲ್ಲಿ ನಿಂತಾಗಲೇ ಅರ್ಧ ಗೊತ್ತಾಗಿತ್ತು. ಕೇಳಿದರೆ ಅವಳು ಹೇಳುತ್ತಾಳೆ. ಹೇಳಿದ ಮೇಲೆ ಏನಾದರೂ ಮಾಡಲೇಬೇಕು. ಮದುವೆಗೆ ಮಾಡಿದ ಸಾಲ ಇನ್ನೂ ತೀರಿರಲಿಲ್ಲ. ಚಿಕ್ಕ ಮಗಳಿಗೆ ಗಂಡು ನೋಡುತ್ತಿದ್ದರು. ಊರಿಗೆಲ್ಲ ನ್ಯಾಯ ಹೇಳುವವರ ಮನೆಯಲ್ಲೇ ಹೀಗಂತೆ ಅನ್ನುವ ಮಾತು ಬರುತ್ತದೆ. ಮಗಳು ಬಾಯಿ ತೆರೆಯುವ ಮೊದಲೇ ಗಾದೆ ಹೇಳಿಬಿಟ್ಟರೆ ಇದ್ಯಾವುದೂ ಎದುರಿಗೆ ಬರುವುದಿಲ್ಲ. ಅವರನ್ನು ಕೆಟ್ಟ ಅಪ್ಪ ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ. ಅವರು ಹೆದರಿದ ಅಪ್ಪ. ಆದರೆ ಹೆದರಿಕೆ ಅಪ್ಪನದು, ಹಸಿವು ಮಗಳದು. ಇದು ನನಗೆ ಇವತ್ತಿಗೂ ಸಹಿಸಲು ಆಗುವುದಿಲ್ಲ.

ಸ್ವಲ್ಪ ಸುಧಾರಿಸಿಕೊಂಡು ಅವರು ಎರಡು ಮಾತು ಎತ್ತಿದರು. ಒಂದು, ‘ಹೊಡೆದಿಲ್ಲವಲ್ಲ ಮೇಡಂ.’ ಇದನ್ನು ಎಷ್ಟೋ ಜನ ಹೇಳುತ್ತಾರೆ, ಹಾಗಾಗಿ ಇಲ್ಲೇ ಬರೆಯುತ್ತೇನೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣೆಯ ಕಾಯ್ದೆ 2005ರದ್ದು, ಜಾರಿಯಾದದ್ದು 2006ರಲ್ಲಿ. ಅದರ ಪ್ರಕಾರ ಹೊಡೆತ ಒಂದೇ ದೌರ್ಜನ್ಯ ಅಲ್ಲ. ಬೈಗುಳ, ಅವಮಾನ, ದುಡ್ಡು ತಡೆಯುವುದು, ಮನೆಯಲ್ಲಿ ಬದುಕಲು ಬೇಕಾದ್ದನ್ನು ಕೊಡದೆ ಇರುವುದು, ಎಲ್ಲವೂ ಸೇರುತ್ತದೆ. ಅಕ್ಕಿಗೆ ಬೀಗ ಹಾಕುವುದೂ ಸೇರುತ್ತದೆ. ಗಂಡನ ಮನೆಯಲ್ಲಿ ವಾಸ ಮಾಡುವ ಹಕ್ಕೂ ಅವಳಿಗಿದೆ, ಮನೆ ಯಾರ ಹೆಸರಲ್ಲಿದ್ದರೂ ಸರಿ.

ಎರಡನೆಯದು, ‘ಆಲೂಗಡ್ಡೆ ಕೀಳೋ ತನಕ ಅಲ್ಲೇ ಹೋಗಿರಲಿ. ಕೆಲಸ ಮುಗೀಲಿ, ಆಮೇಲೆ ಕೂತು ಮಾತಾಡೋಣ.’

ನಾನು ಕೇಳಿದೆ, ‘ಹೀಗೇ ಮೋಡ ಮುಚ್ಚಿಕೊಂಡು ಮಳೆ ಹಿಡಿದಾಗ ಆಲೂಗಡ್ಡೆ ಎಲೆ ಮೇಲೆ ಅಂಗಮಾರಿ ಚುಕ್ಕೆ ಕಂಡರೆ ಏನು ಮಾಡ್ತೀರಿ?’

‘ಅವತ್ತೇ ಔಷಧಿ ಹೊಡೀಬೇಕು ಮೇಡಂ. ವಾರ ಬಿಟ್ರೆ ಹೊಲ ಪೂರ್ತಿ ಕಪ್ಪಾಗುತ್ತೆ.’

ಇಷ್ಟು ಹೇಳಿ ಅವರೇ ನಿಲ್ಲಿಸಿದರು. ಹಾಸನದ ಆಲೂಗಡ್ಡೆ ಬೆಳೆಗಾರರಿಗೆ ಅಂಗಮಾರಿ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ತಂಪು ಹವೆಗೆ, ತೇವಕ್ಕೆ ಅದು ಹರಡುವ ವೇಗ ಅವರು ಕಣ್ಣಾರೆ ಕಂಡದ್ದು. ನಾನೂ ಮುಂದೆ ಮಾತಾಡಲಿಲ್ಲ.

ಅವತ್ತು ಕೊಟ್ಟ ಸಲಹೆ ಹೀಗಿತ್ತು. ಮಗಳು ಸದ್ಯಕ್ಕೆ ತವರಿನಲ್ಲಿ ಇರಬೇಕು, ಎಷ್ಟು ದಿನ ಅಂತ ಯಾರೂ ಕೇಳಬಾರದು. ತಾಲ್ಲೂಕಿನ ಸಂರಕ್ಷಣಾಧಿಕಾರಿಯ ಹತ್ತಿರ ಹೋಗಿ ನಡೆದದ್ದನ್ನು ಬರೆಸಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಆ ಕೆಲಸ ನೋಡುತ್ತಾರೆ, ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಗಂಡ ಮಾತುಕತೆಗೆ ಬಂದರೆ ನನ್ನ ಬಾಗಿಲು ತೆರೆದಿದೆ. ಆದರೆ ಊಟ, ಕೋಣೆ, ಅವಳ ಕೈಗೆ ಒಂದಿಷ್ಟು ದುಡ್ಡು, ಇಷ್ಟು ಬರವಣಿಗೆಯಲ್ಲಿ ಆಗದೆ ಅವಳು ವಾಪಸ್ ಹೋಗುವುದು ಬೇಡ.

ಅಪ್ಪನಿಗೆ ಬೇರೆ ಒಂದು ಕೆಲಸ ಕೊಟ್ಟೆ. ದಿನಾ ಸಂಜೆ ಮಗಳನ್ನು ಒಂದು ಪ್ರಶ್ನೆ ಕೇಳಬೇಕು. ಅವಳು ಹೇಳಿ ಮುಗಿಸುವ ತನಕ ಕೇಳಿಸಿಕೊಳ್ಳಬೇಕು. ಗಾದೆ ಬಾಯಿಗೆ ಬಂದರೆ ನುಂಗಿಕೊಳ್ಳಬೇಕು. ಅವರಿಗೆ ಇದೇ ಎಲ್ಲಕ್ಕಿಂತ ಕಷ್ಟವಾಯಿತು. ಮುಂದಿನ ಸಲ ಬಂದಾಗ, ‘ಏನು ಕೇಳೋದು ಅಂತಲೇ ತಿಳೀಲಿಲ್ಲ ಮೇಡಂ, ನಾಲ್ಕು ದಿನ ಬರೀ ಉಂಡ್ಯಾ ಮಗಾ ಅಂತಲೇ ಕೇಳಿದೆ’ ಅಂದರು. ಐದನೇ ದಿನ ಅವಳು ಒಂದೂವರೆ ಗಂಟೆ ಮಾತಾಡಿದಳಂತೆ. ಅವಳ ಅವ್ವ ಒಲೆ ಆರಿಸಿ ಬಂದು ಕೂತು ಕೇಳಿದರಂತೆ.

ನನ್ನ ಮೇಲೆ ಒಂದು ದೂರು ಇದೆ. ಸಲಹೆಗೆ ಅಂತ ಹೋದರೆ ಮನೆ ಒಡೆದು ಕಳಿಸುತ್ತಾರೆ ಅಂತ. ಈ ಪ್ರಕರಣದಲ್ಲೂ ಗಂಡನ ಕಡೆಯವರು ಅದನ್ನೇ ಹೇಳಿದರು. ‘ಎರಡು ಒಳ್ಳೆ ಮಾತು ಹೇಳಿ ಸೇರಿಸೋದು ಬಿಟ್ಟು’ ಅಂದರು. ಸೇರಿಸಿದ ಮನೆಗಳೂ ನನ್ನ ಲೆಕ್ಕದಲ್ಲಿ ಬೇಕಾದಷ್ಟಿವೆ. ಆ ಮನೆಗಳಲ್ಲೂ ಮೊದಲು ಆದದ್ದು ಇದೇ ಕೆಲಸ. ಏನು ನಡೆದಿದೆ ಅಂತ ಪೂರ್ತಿ ಕೇಳಿಸಿಕೊಂಡದ್ದು. ಅದು ಆಗದೆ ಹೇಳಿದ ಒಳ್ಳೆ ಮಾತಿನಿಂದ ಯಾರಿಗೆ ಏನು ಸಿಕ್ಕಿತು?

ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಈ ಕೆಲಸಕ್ಕೆ ಬಂದ ಹೊಸತರಲ್ಲಿ ಬೇಲೂರು ಕಡೆಯಿಂದ ಒಬ್ಬ ಹೆಂಗಸು ಬಂದಿದ್ದರು. ತಲೆನೋವು, ನಿದ್ದೆ ಇಲ್ಲ, ಗಂಡನ ಜೊತೆ ಸ್ವಲ್ಪ ಜಗಳ ಅಂದರು. ನಾನು ನಗುತ್ತ ಇದೇ ಗಾದೆ ಹೇಳಿದೆ. ಅವರ ಮನಸ್ಸು ಹಗುರ ಮಾಡುತ್ತಿದ್ದೇನೆ ಅಂತ ನಿಜವಾಗಿ ನಂಬಿದ್ದೆ. ಅವರೂ ನಕ್ಕರು. ‘ಹೌದು ಬಿಡಿ ಮೇಡಂ’ ಅಂದು ಎದ್ದರು. ಮತ್ತೆ ಬರಲಿಲ್ಲ. ಅವರ ಫೈಲಿನಲ್ಲಿ ಇರುವುದು ಒಂದೇ ಹಾಳೆ. ಏನಾದರು, ಹೇಗಿದ್ದಾರೆ, ಒಂದೂ ತಿಳಿಯಲಿಲ್ಲ. ನಕ್ಕವರೆಲ್ಲ ಹಗುರಾಗಿದ್ದಾರೆ ಅಂತ ಆಮೇಲೆ ನಾನು ಯಾವತ್ತೂ ಅಂದುಕೊಂಡಿಲ್ಲ.

ಇದನ್ನು ಓದುತ್ತಿರುವವರಲ್ಲಿ ಅಪ್ಪ, ಅಣ್ಣ, ಚಿಕ್ಕಪ್ಪ ಇರುತ್ತೀರಿ. ಮನೆಯ ಹೆಣ್ಣುಮಗಳು ಹಬ್ಬ ಇಲ್ಲದ ದಿನ ಚೀಲ ಹಿಡಿದು ಬಂದರೆ ಮೊದಲು ಒಳಗೆ ಕರೆಯಿರಿ, ಊಟಕ್ಕೆ ಹಾಕಿ. ಆಮೇಲೆ ಕೇಳಿ. ಕೇಳಿದ ಮೇಲೆ ಏನು ಮಾಡಬೇಕೋ ತೋಚದಿದ್ದರೆ ಮಹಿಳಾ ಸಹಾಯವಾಣಿ 181 ಇದೆ, ತಕ್ಷಣದ ಅಪಾಯಕ್ಕೆ 112 ಇದೆ. ಮನಸ್ಸು ತೀರಾ ಕುಸಿದಿದ್ದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಬಂದವಳೇ ನೀವಾಗಿದ್ದರೆ, ಒಂದು ಬಾಗಿಲಲ್ಲಿ ಗಾದೆ ಸಿಕ್ಕಿತು ಅಂತ ನಿಲ್ಲಬೇಡಿ. ಇನ್ನೊಂದು ಬಾಗಿಲು ತಟ್ಟಿ. ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದ ಆ ಹುಡುಗಿ ಮಾಡಿದ್ದು ಅದನ್ನೇ.

ಅವಳ ಪ್ರಕರಣ ಇನ್ನೂ ನಡೆಯುತ್ತಿದೆ. ಗಂಡ ಒಂದು ಸಲ ಬಂದ, ಕೋಣೆ ಕೊಡುತ್ತೇನೆ ಅಂದ, ಬರೆದುಕೊಡಲು ಒಪ್ಪಲಿಲ್ಲ. ಮಗು ಈಗ ತಾತನ ಊರಿನ ಅಂಗನವಾಡಿಗೆ ಹೋಗುತ್ತದೆ. ಮದುವೆಯಲ್ಲಿ ಅಪ್ಪ ಕೊಡಿಸಿದ್ದ ಹೊಲಿಗೆ ಮಿಷಿನ್ ಗಂಡನ ಮನೆಯಲ್ಲೇ ಉಳಿದಿದೆ. ಅದು ಬಂದರೆ ಊರಲ್ಲೇ ರವಿಕೆ ಹೊಲಿದು ನಾಲ್ಕು ಕಾಸು ನೋಡಬಹುದು ಅನ್ನುವುದು ಅವಳ ಆಸೆ, ವಾಪಸ್ ಕೊಡಿಸಿ ಅಂತ ಅರ್ಜಿಯಲ್ಲಿ ಕೇಳಿದ್ದಾಳೆ. ಇನ್ನೂ ಬಂದಿಲ್ಲ. ಮುಂದಿನ ಬುಧವಾರ ತಾರೀಖು ಇದೆ. ಅಪ್ಪನೇ ಕರೆದುಕೊಂಡು ಹೋಗುತ್ತಾರೆ, ಬೆಳಿಗ್ಗೆ ಮೊದಲ ಬಸ್ಸಿಗೆ.