ಬಡ ಮಹಿಳೆಯರು, ಮಕ್ಕಳ ಓದಿಗೆ ಪ್ರಾಯೋಜಕರಾದ್ರೆ ದುಡ್ಡು ಅವರಿಗೇ ತಲುಪುತ್ತಾ?

ತಲುಪುತ್ತದೆ, ಆದರೆ ನೀವು ಅಂದುಕೊಂಡ ಹಾಗೇ ಅಲ್ಲ. ಒಂದು ಮಗುವಿನ ಫೋಟೋ ಕಳಿಸುವ ಎಷ್ಟೋ ಸಂಸ್ಥೆಗಳು ದುಡ್ಡನ್ನು ಆ ಮಗುವಿನ ಕೈಗೆ ಕೊಡುವುದಿಲ್ಲ. ಎಲ್ಲರ ಹಣ ಒಟ್ಟು ಮಾಡಿ ಅಲ್ಲಿನ ಶಾಲೆ, ನೀರು, ಆರೋಗ್ಯಕ್ಕೆ ಹಾಕುತ್ತವೆ. ಇದು ಮೋಸವೇನಲ್ಲ. ಆದರೆ ಮೊದಲೇ ಬಾಯಿಬಿಟ್ಟು ಹೇಳಬೇಕು, ಅಲ್ವಾ?

ಪ್ರಯೋಜನ ಇದೆಯಾ ಅಂದ್ರೆ, ಇದೆ. 6 ದೇಶಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪ್ರಾಯೋಜಕರಿದ್ದ ಮಕ್ಕಳು ಉಳಿದವರಿಗಿಂತ ಸುಮಾರು ಒಂದರಿಂದ ಒಂದೂವರೆ ವರ್ಷ ಜಾಸ್ತಿ ಓದಿದ್ದರು.

ಫೀಸ್ ಒಂದನ್ನೇ ಕಟ್ಟಿ ಸುಮ್ನಾದರೆ ಸಾಲದು. ಹೆಣ್ಣುಮಕ್ಕಳು ಶಾಲೆ ಬಿಡುವುದು ಹೆಚ್ಚಾಗಿ ಪ್ರೌಢಶಾಲೆಯ ಹೊತ್ತಿಗೆ. ಶಾಲೆ ದೂರ, ಬಸ್ಸಿಲ್ಲ, ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ, ಮುಟ್ಟಿನ ದಿನಗಳಲ್ಲಿ ಪ್ಯಾಡ್ ಇಲ್ಲ, ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕು. ಅದಕ್ಕೇ 1997ರಲ್ಲಿ ಮೆಕ್ಸಿಕೋ ಸರ್ಕಾರ ಶುರು ಮಾಡಿದ 'ಪ್ರೊಗ್ರೆಸಾ' ಯೋಜನೆ ದುಡ್ಡನ್ನು ತಾಯಂದಿರ ಕೈಗೇ ಕೊಟ್ಟಿತು, ಪ್ರೌಢಶಾಲೆಯಲ್ಲಿ ಹುಡುಗಿಯರಿಗೆ ಹುಡುಗರಿಗಿಂತ ಸ್ವಲ್ಪ ಜಾಸ್ತಿ ಕೊಟ್ಟಿತು. ಮಗು ನಿಯಮಿತವಾಗಿ ಶಾಲೆಗೆ ಹೋಗಬೇಕು ಅನ್ನೋದು ಷರತ್ತು.

ದೊಡ್ಡ ಹೆಂಗಸರ ಕಥೆಯೇ ಬೇರೆ. ತರಗತಿ ಕೂಲಿಯ ಹೊತ್ತಲ್ಲಿದ್ದರೆ ಬರುವವರೇ ಇಲ್ಲ. ಸಂಜೆ ತರಗತಿ, ಪಕ್ಕದಲ್ಲೇ ಮಕ್ಕಳನ್ನು ನೋಡಿಕೊಳ್ಳುವವರು ಇರಬೇಕು. ಇದಕ್ಕೆ ಹಣ ಕೊಡುವವರು ಕಡಿಮೆ, ಫೋಟೋಗೆ ಚೆನ್ನಾಗಿ ಕಾಣಲ್ಲ ನೋಡಿ.

ಕೊಡುವ ಮೊದಲು ಸಂಸ್ಥೆಯ ಆಡಿಟ್ ಆದ ಲೆಕ್ಕ ಕೇಳಿ. ಇನ್ನೊಂದು ಪ್ರಶ್ನೆಯನ್ನು ಮರೆಯದೆ ಕೇಳಿ: ನಾನು ಮಧ್ಯದಲ್ಲಿ ನಿಲ್ಲಿಸಿದರೆ ಆ ಹುಡುಗಿಯ ಓದು ಏನಾಗುತ್ತದೆ?