ಮಗುವಿನ ಬಟ್ಟೆಗೆ ಯಾವ ಸೋಪಿನ ಪುಡಿ? ಪುಡಿ ಬಿಡಿ, ಮೊದಲು ಸರಿಯಾಗಿ ಜಾಲಾಡಿ

ನಾನು ಮಕ್ಕಳ ಚರ್ಮದ ಡಾಕ್ಟರು. ಆದರೆ ನನಗೆ ಬರುವ ಪ್ರಶ್ನೆಗಳನ್ನು ನೋಡಿದರೆ ಯಾರಾದರೂ ಕಿರಾಣಿ ಅಂಗಡಿ ಇಟ್ಟಿದ್ದೇನೆ ಅಂದುಕೊಳ್ಳಬೇಕು. ಯಾವ ಡಿಟರ್ಜೆಂಟ್ ಒಳ್ಳೆಯದು, ಯಾವ ಕಂಪನಿಯದು, ಪುಡಿಯೋ ಲಿಕ್ವಿಡ್ಡೋ. ಕೇಳಿದ್ದನ್ನೇ ಎಷ್ಟು ಸಲ ಕೇಳುತ್ತೀರಿ! ಅದಕ್ಕೇ ಈ ಸಲ ಬಟ್ಟೆ ಒಗೆಯುವ ಪ್ರಶ್ನೆಗಳನ್ನಷ್ಟೇ ಆರಿಸಿಕೊಂಡು ಕೂತಿದ್ದೇನೆ.

ಪ್ರಶ್ನೆ: ಮಗುವಿಗೆ ಎರಡೂವರೆ ತಿಂಗಳು. ಕೆನ್ನೆ, ಕುತ್ತಿಗೆ, ಬೆನ್ನಿನ ಮೇಲೆ ಕೆಂಪು ಗುಳ್ಳೆ. ಮೂರು ಬೇಬಿ ಡಿಟರ್ಜೆಂಟ್ ಬದಲಿಸಿದೆವು, ಕಡಿಮೆ ಆಗಲಿಲ್ಲ. ಮುಂದೆ ಯಾವುದು ತರಲಿ? (ತುಮಕೂರಿನಿಂದ ಒಬ್ಬ ತಾಯಿ)

ನಾಲ್ಕನೆಯದು ತರಬೇಡಿ.

ಕೆನ್ನೆಗೆ ನೀವು ಬಟ್ಟೆ ತೊಡಿಸುತ್ತೀರಾ ಅಮ್ಮಾ? ಇಲ್ಲ ಅಲ್ವಾ. ಹಾಗಾದರೆ ಕೆನ್ನೆಯ ಗುಳ್ಳೆಗೆ ಸೋಪಿನ ಪುಡಿಯನ್ನು ಬೈಯುವುದು ಯಾಕೆ? ಡಿಟರ್ಜೆಂಟಿನಿಂದ ಚರ್ಮ ಕೆರಳಿದರೆ ಅದು ಬಟ್ಟೆ ಒತ್ತಿ ಉಜ್ಜುವ ಕಡೆ ಕಾಣಿಸುತ್ತದೆ. ಸೊಂಟದ ಎಲಾಸ್ಟಿಕ್ ಕೆಳಗೆ, ತೋಳಿನ ಅಂಚಿನಲ್ಲಿ, ಕಂಕುಳ ಸುತ್ತ. ಕುತ್ತಿಗೆ ಮಡಿಕೆಯಲ್ಲಿ ಮತ್ತು ಬೆನ್ನಿನ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಎದ್ದಿದ್ದರೆ ನೂರಕ್ಕೆ ತೊಂಬತ್ತು ಪಾಲು ಅದು ಬೆವರುಸಾಲೆ. ಸ್ವೆಟರ್, ಕುಲಾವಿ, ಕಾಲುಚೀಲ, ಅದರ ಮೇಲೆ ದುಪ್ಪಟಿ, ಕಿಟಕಿಗೆ ಪರದೆ, ಫ್ಯಾನ್ ಬಂದ್. ನಿಮ್ಮನ್ನು ಹಾಗೆ ಸುತ್ತಿ ಮಲಗಿಸಿದರೆ ನಿಮಗೂ ಏಳುತ್ತದೆ. ಕೆನ್ನೆ ಒರಟಾಗಿ, ಕೆಂಪಗೆ, ಮಗು ತಲೆ ಉಜ್ಜುತ್ತಾ ಇದ್ದರೆ ಅದು ಎಕ್ಸಿಮಾ, ಅಂದರೆ ಚರ್ಮ ಒಣಗಿ ತುರಿಸುವ ಕಾಯಿಲೆ, ಇರಬಹುದು, ಆಗ ಡಾಕ್ಟರಿಗೆ ತೋರಿಸಿ. ಅಂಗಡಿಯವನಿಗೆ ಬೇಡ.

ನಿಜವಾದ ಡಿಟರ್ಜೆಂಟ್ ಅಲರ್ಜಿ ಬಹಳ ಅಪರೂಪ. ಅನುಮಾನ ಬಂದವರಿಗೆ ಪ್ಯಾಚ್ ಟೆಸ್ಟ್, ಅಂದರೆ ಅನುಮಾನದ ವಸ್ತುವನ್ನು ಚರ್ಮಕ್ಕೆ ಅಂಟಿಸಿ ನೋಡುವ ಪರೀಕ್ಷೆ, ಮಾಡಿದಾಗಲೂ ಹೊರಬೀಳುವವರು ಬೆರಳೆಣಿಕೆಯಷ್ಟೇ. ಅಲರ್ಜಿ ಬೇರೆ, ಉರಿ ಬೇರೆ. ಹೆಚ್ಚಾಗಿ ನಾವು ನೋಡುವುದು ಬಟ್ಟೆಯಲ್ಲೇ ಉಳಿದ ಸೋಪಿನಿಂದ ಆಗುವ ಉರಿ. ಅದಕ್ಕೆ ಕಾರಣ ಡಬ್ಬಿಯ ಮೇಲಿನ ಹೆಸರಲ್ಲ, ನಿಮ್ಮ ಕೈಯ ಅಳತೆ ಮತ್ತು ನಿಮ್ಮ ಮನೆಯ ನೀರು.

ತುಮಕೂರು ಅಂದಿರಿ, ಬೋರ್‌ವೆಲ್ ನೀರು ಅಂತ ಇಟ್ಟುಕೊಳ್ಳುತ್ತೇನೆ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿ. ಗಡಸು ನೀರು. ಇಂಥ ನೀರಿಗೆ ಸಾದಾ ಸೋಪು ಹಾಕಿದರೆ ನೊರೆ ಬರುವುದಿಲ್ಲ, ಬದಲಿಗೆ ಬಿಳಿ ಜಿಡ್ಡಾಗಿ ಎಳೆಗಳಿಗೆ ಅಂಟುತ್ತದೆ. ಬಕೆಟ್ ಅಂಚಿಗೆ ಕೂರುವ ಆ ಬಿಳಿ ಪಟ್ಟಿ ನೋಡಿದ್ದೀರಲ್ಲ, ಅದೇ. ಒಣಗಿದ ಮೇಲೆ ಲಂಗೋಟಿ ಹಪ್ಪಳದ ಹಾಗೆ ಸೆಟೆದುಕೊಳ್ಳುವುದಕ್ಕೂ ಅದು ಒಂದು ಕಾರಣ. ಹೀಗಾಗಿ 'ಮಗುವಿಗೆ ಮೃದು' ಅಂತ ಬಾರ್ ಸೋಪಿನಲ್ಲಿ ಉಜ್ಜಿ ಉಜ್ಜಿ ಒಗೆಯುವವರ ಮನೆಯಲ್ಲೇ ತೊಂದರೆ ಜಾಸ್ತಿ. ಗಡಸು ನೀರಿಗೆ ಡಿಟರ್ಜೆಂಟೇ ವಾಸಿ. ಆದರೆ ನೊರೆ ಬರಲಿಲ್ಲ ಅಂತ ಇನ್ನೊಂದು ಮುಷ್ಟಿ ಸುರಿಯುತ್ತೀರಿ ನೋಡಿ, ಅಲ್ಲೇ ಕೆಟ್ಟಿತು. ನೊರೆಗೂ ಕೊಳೆ ಹೋಗುವುದಕ್ಕೂ ಸಂಬಂಧ ಕಡಿಮೆ. ಮಂಗಳೂರಿನ ಬಾವಿ ನೀರಿನವರಿಗೆ ಉಲ್ಟಾ ಕಷ್ಟ, ಮೆದು ನೀರು, ಅರ್ಧ ಚಮಚಕ್ಕೇ ನೊರೆ ಉಕ್ಕುತ್ತದೆ, ಎಷ್ಟು ಜಾಲಾಡಿದರೂ ಹೋಗುವುದಿಲ್ಲ. ಅವರು ಪುಡಿ ಇನ್ನೂ ಕಡಿಮೆ ಹಾಕಲಿ.

ಮಗುವಿನ ಬಟ್ಟೆಗೆ ಒಂದು ಬಕೆಟ್ ನೀರಿಗೆ ಒಂದು ಟೇಬಲ್ ಚಮಚ ಪುಡಿ ಧಾರಾಳವಾಯಿತು. ಆಮೇಲೆ ಮೂರು ನೀರಿನಲ್ಲಿ ಜಾಲಾಡಿ, ಪ್ರತಿ ಸಲ ಗಟ್ಟಿಯಾಗಿ ಹಿಂಡಿ ಹೊಸ ನೀರು. ಹಿಂಡದೆ ಅದೇ ನೀರಲ್ಲಿ ಮೂರು ಸಲ ಮುಳುಗಿಸಿ ತೆಗೆದರೆ ಅದು ಜಾಲಾಡಿದ್ದಲ್ಲ. ಮೆಷಿನ್ ಇದ್ದರೆ ಎಕ್ಸ್‌ಟ್ರಾ ರಿನ್ಸ್ ಅಂತ ಒಂದು ಬಟನ್ ಇರುತ್ತದೆ, ಅದನ್ನು ಒತ್ತಿ. ಅನುಮಾನವಿದ್ದರೆ ಒಣಗಿದ ಲಂಗೋಟಿಯನ್ನು ಸ್ಟೀಲ್ ಬೋಗುಣಿಯಲ್ಲಿ ಬೆಚ್ಚಗಿನ ನೀರಿಗೆ ಹಾಕಿ ಕೈಯಾಡಿಸಿ. ನೊರೆ ಎದ್ದರೆ ನಿಮ್ಮ ಮಗು ಸೋಪನ್ನೇ ಸುತ್ತಿಕೊಂಡು ಮಲಗಿತ್ತು ಅಂತ ಅರ್ಥ.

ಇಷ್ಟಾದ ಮೇಲೂ ಯಾವುದು ಕೊಳ್ಳಲಿ ಅಂದರೆ, ವಾಸನೆ ಇಲ್ಲದ್ದು. ಅಷ್ಟೇ. ಚರ್ಮಕ್ಕೆ ತೊಂದರೆ ಕೊಡುವವರ ಪಟ್ಟಿಯಲ್ಲಿ ಸುಗಂಧಕ್ಕೆ ಮುಂದಿನ ಸಾಲಿನ ಕುರ್ಚಿ. 'ಫ್ರಾಗ್ರೆನ್ಸ್ ಫ್ರೀ' ಅಂತ ಬರೆದದ್ದು ನೋಡಿ. 'ಅನ್‌ಸೆಂಟೆಡ್' ಅನ್ನುವುದು ಅದೇ ಅಲ್ಲ, ವಾಸನೆ ಮುಚ್ಚಲು ಇನ್ನೊಂದು ವಾಸನೆ ಬೆರೆಸಿದ್ದರೂ ಹಾಗೆ ಬರೆಯುತ್ತಾರೆ. 'ಹೈಪೋಅಲರ್ಜೆನಿಕ್', ಅಂದರೆ ಅಲರ್ಜಿ ತರುವುದು ಕಡಿಮೆ, ಅನ್ನುವುದಕ್ಕೆ ಒಂದು ಗಟ್ಟಿ ಅಳತೆಗೋಲೇ ಇಲ್ಲ. 'ಡರ್ಮಟಾಲಜಿಸ್ಟ್ ಟೆಸ್ಟೆಡ್' ಅಂದರೆ ಟೆಸ್ಟ್ ಮಾಡಿದ್ದಾರೆ ಅಂತ ಅಷ್ಟೇ, ಪಾಸಾಯಿತು ಅಂತ ಎಲ್ಲಿ ಬರೆದಿದ್ದಾರೆ? ಪುಡಿಯೋ ಲಿಕ್ವಿಡ್ಡೋ ಅನ್ನುವ ಜಗಳದಲ್ಲಿ ನನ್ನ ವೋಟು ಪುಡಿಗೆ. ಲಿಕ್ವಿಡ್ ಕೆಡದಿರಲು ಸಂರಕ್ಷಕ ಹಾಕಲೇಬೇಕು. ಅದರಲ್ಲಿ ಮೀಥೈಲ್‌ಐಸೋಥಿಯಾಜೋಲಿನೋನ್ ಅಂತ ಒಂದಿದೆ, ಅಮೆರಿಕದ ಚರ್ಮ ಅಲರ್ಜಿ ವೈದ್ಯರ ಸಂಘ 2013ರಲ್ಲಿ ಅದಕ್ಕೆ 'ವರ್ಷದ ಅಲರ್ಜಿಕಾರಕ' ಅಂತ ಪಟ್ಟ ಕಟ್ಟಿತು. ಪುಡಿಗೆ ಆ ತಾಪತ್ರಯ ಇಲ್ಲ, ಬರೀ ಚೆನ್ನಾಗಿ ಕರಗಿಸಿಕೊಂಡು ಹಾಕಬೇಕು. ಮನೆಯವರೆಲ್ಲ ಬಳಸುವ ಪುಡಿಯೇ ಘಾಟು ಇಲ್ಲದ್ದಾಗಿದ್ದರೆ ಅದೇ ಸಾಕು. ಬೇಬಿ ಅಂತ ಬರೆದ ಬಾಟಲಿಗೆ ದುಪ್ಪಟ್ಟು ದುಡ್ಡು ಕೊಡುವುದು ನಿಮ್ಮ ಖುಷಿ.

ನಾನೇನು ಬುದ್ಧಿವಂತೆ ಅಂತ ಅಲ್ಲ. ನನ್ನ ಮಗ ಹುಟ್ಟಿದಾಗ ನಾನೂ ಊರೆಲ್ಲ ಹುಡುಕಿ ಫಾರಿನ್ ಬಾಟಲಿ ತರಿಸಿದವಳೇ. ಗುಳ್ಳೆ ಹೋಗಿದ್ದು ಬಾಟಲಿಯಿಂದಲ್ಲ, ನಮ್ಮ ಅತ್ತೆ ಹೆಣೆದ ಉಣ್ಣೆ ಟೊಪ್ಪಿ ತೆಗೆದಿಟ್ಟ ಮೇಲೆ. ಅದನ್ನು ಅವರಿಗೆ ಹೇಳುವ ಧೈರ್ಯ ಬರಲು ಒಂದು ವಾರ ಬೇಕಾಯಿತು.

ಪ್ರಶ್ನೆ: ಕೊನೆಯ ನೀರಿಗೆ ಆಂಟಿಸೆಪ್ಟಿಕ್ ಹಾಕಬಹುದಾ?

ಬೇಡ. ಅದು ತೊಟ್ಟಿಲು, ಆಪರೇಷನ್ ಥಿಯೇಟರ್ ಅಲ್ಲ.

ಪ್ರಶ್ನೆ: ಫ್ಯಾಬ್ರಿಕ್ ಕಂಡೀಷನರ್?

ಬೇಡ. ಎಳೆಗಳ ಮೇಲೆ ಪದರ ಕೂತು ಲಂಗೋಟಿ ಒದ್ದೆ ಹೀರುವುದನ್ನೇ ಬಿಡುತ್ತದೆ. ಮೇಲಿಂದ ಘಮಘಮ ಬೇರೆ.

ಪ್ರಶ್ನೆ: ಕಕ್ಕದ ಕಲೆ, ಹಾಲು ಕಕ್ಕಿದ ಕಲೆ ಕುದಿಯುವ ನೀರಿಗೂ ಹೋಗುತ್ತಿಲ್ಲ.

ಕುದಿಯುವ ನೀರಿಗೆ ಹಾಕಿದ್ದಕ್ಕೇ ಹೋಗುತ್ತಿಲ್ಲ. ಮೊಟ್ಟೆ ಬೆಂದ ಹಾಗೆ ಪ್ರೋಟೀನ್ ಬೆಂದು ಅಲ್ಲೇ ಕೂತಿತು. ಮೊದಲು ತಣ್ಣೀರು, ಆಮೇಲೆ ಕಲೆಯ ಪ್ರೋಟೀನನ್ನು ಒಡೆಯುವ ಎನ್‌ಜೈಮ್ ಇರುವ ಪುಡಿಯಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ. ಎನ್‌ಜೈಮ್ ಹೆಸರು ಕೇಳಿ ಹೆದರಬೇಡಿ. ಬ್ಲೀಚ್‌ಗೆ ಹೆದರಿ. ಉಚ್ಚೆ ಬಟ್ಟೆಗೆ ಬ್ಲೀಚ್ ಸುರಿದರೆ ಕಣ್ಣು, ಗಂಟಲು ಉರಿಸುವ ಕೆಟ್ಟ ಗಾಳಿ ಏಳುತ್ತದೆ.

ಪ್ರಶ್ನೆ: ಅಂಟುವಾಳದ ಪುಡಿ ನೈಸರ್ಗಿಕ, ಅದೇ ಶ್ರೇಷ್ಠ ಅಂತ ಒಬ್ಬರು ವಿಡಿಯೋದಲ್ಲಿ ಹೇಳಿದರು.

ಮಾರುತ್ತಿರುವವರೂ ಅವರೇ ಅಲ್ವಾ? ಅಂಟುವಾಳ ರೇಷ್ಮೆ ಸೀರೆಗೆ, ಒಡವೆಗೆ ಚೆನ್ನ. ಕಣ್ಣಿಗೆ ಬಿದ್ದರೆ ಅದೂ ಉರಿಯುತ್ತದೆ, ಕಕ್ಕದ ಜಿಡ್ಡಿಗೆ ಅದರ ಶಕ್ತಿ ಸಾಲದು. ಕಾರದ ಪುಡಿಯೂ ನೈಸರ್ಗಿಕವೇ.

ಪ್ರಶ್ನೆ: ಮಗುವಿನ ಬಟ್ಟೆ ದೊಡ್ಡವರ ಬಟ್ಟೆ ಜೊತೆ ಒಗೆಯಬಹುದಾ?

ಒಗೆಯಿರಿ. ಆದರೆ ತೋಟಕ್ಕೆ, ಗದ್ದೆಗೆ ಔಷಧಿ ಹೊಡೆದು ಬಂದ ಬಟ್ಟೆಯ ಹತ್ತಿರವೂ ತರಬೇಡಿ. ಆ ಬಕೆಟ್ ಕೂಡ ಬೇರೆಯೇ ಇರಲಿ.

ಪ್ರಶ್ನೆ: ಲಂಗೋಟಿ ಜಾಗದ ಕೆಂಪಿಗೆ ಮೆಡಿಕಲ್ ಶಾಪಿನವರು ಒಂದು ಟ್ಯೂಬ್ ಕೊಟ್ಟರು. ಎರಡೇ ದಿನಕ್ಕೆ ಹೋಯಿತು, ಮತ್ತೆ ಬಂತು. ಡಿಟರ್ಜೆಂಟ್ ಕಾರಣವಾ?

ಅಲ್ಲ, ಒದ್ದೆ ಕಾರಣ. ಬೇಗ ಬೇಗ ಬಟ್ಟೆ ಬದಲಿಸಿ, ಗಾಳಿಗೆ ಬಿಡಿ, ಜಿಂಕ್ ಆಕ್ಸೈಡ್ ಹಚ್ಚಿ. ಮಡಿಕೆಯೊಳಗೆ ಕೆಂಪಾಗಿ ಸುತ್ತ ಸಣ್ಣ ಚುಕ್ಕೆ ಇದ್ದರೆ ಅದು ಫಂಗಸ್ ಇರಬಹುದು, ತೋರಿಸಿ. ಆ ಟ್ಯೂಬ್ ಮಾತ್ರ ಎಸೆಯಿರಿ. ಸ್ಟೀರಾಯ್ಡ್, ಆಂಟಿಬಯಾಟಿಕ್, ಫಂಗಸ್ ಔಷಧಿ ಮೂರನ್ನೂ ಕಲಸಿದ ಆ ಕ್ರೀಮುಗಳನ್ನು ಚೀಟಿ ಇಲ್ಲದೆ ಕೊಡುವವರ ಮೇಲೆ ನನಗಿರುವ ಸಿಟ್ಟು ಬರೆದರೆ ಸಂಪಾದಕರು ಕತ್ತರಿಸುತ್ತಾರೆ. ಎಳೆ ಚರ್ಮ, ಮೇಲೆ ಡೈಪರ್ ಮುಚ್ಚಳ, ಸ್ಟೀರಾಯ್ಡ್ ಸಲೀಸಾಗಿ ಒಳಗಿಳಿಯುತ್ತದೆ.

ಪ್ರಶ್ನೆ: ಮುಂದಿನ ತಿಂಗಳು ಎರಡನೇ ಹೆರಿಗೆ. ಮೊದಲ ಮಗುವಿನ ಬಟ್ಟೆ ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿಟ್ಟಿದ್ದೇವೆ. ಬೇಬಿ ಡಿಟರ್ಜೆಂಟಿನಲ್ಲಿ ಒಮ್ಮೆ ಒಗೆದರೆ ಸಾಕಲ್ಲವೇ?

ಸಾಕಲ್ಲ. ಇಷ್ಟು ಪತ್ರಗಳಲ್ಲಿ ಹೆದರಬೇಕಾದ್ದು ಇದೊಂದೇ, ಇದನ್ನು ಕೇಳಿದವರು ಒಬ್ಬರೇ.

ನುಸಿಗುಳಿಗೆ ಅಂದರೆ ಹೆಚ್ಚಾಗಿ ನ್ಯಾಫ್ತಲೀನ್. ಕೆಲವು ಮಕ್ಕಳಿಗೆ, ಅದರಲ್ಲೂ ಗಂಡುಮಕ್ಕಳಿಗೆ ಜಾಸ್ತಿ, ರಕ್ತದ ಕೆಂಪು ಕಣಗಳನ್ನು ಕಾಯುವ ಜಿ6ಪಿಡಿ ಅನ್ನುವ ಎನ್‌ಜೈಮ್ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ನೋಡಿದರೆ ಗೊತ್ತಾಗುವುದಿಲ್ಲ. ಅಂಥ ಮಗುವಿಗೆ ನ್ಯಾಫ್ತಲೀನ್ ತಾಗಿದರೆ ರಕ್ತದ ಕೆಂಪು ಕಣಗಳು ಒಡೆಯುತ್ತವೆ. ಕಾಮಾಲೆ ಏರುತ್ತದೆ, ತೀರಾ ಏರಿದರೆ ಮಿದುಳಿಗೇ ಪೆಟ್ಟು. ಇದು ಉಸಿರಿನಿಂದಲೂ ಹೋಗುತ್ತದೆ, ಚರ್ಮದಿಂದಲೂ ಹೋಗುತ್ತದೆ, ಎಣ್ಣೆ ಹಚ್ಚಿದ ಮೈಗೆ ಇನ್ನೂ ಸುಲಭ. ನಮ್ಮಲ್ಲಿ ಎಣ್ಣೆ ಹಚ್ಚದೆ ಮಗುವನ್ನು ಬಟ್ಟೆಯಲ್ಲಿ ಸುತ್ತುವ ಮನೆ ಯಾವುದು ಹೇಳಿ? ಹುಟ್ಟಿದ ಮಗುವಿಗೆ ಮೊದಲು ಹಳೇ ಬಟ್ಟೆ ಹಾಕಬೇಕು ಅನ್ನುವ ಪದ್ಧತಿ ಒಳ್ಳೆಯದೇ. ನೂರು ಸಲ ಒಗೆದ ಅಜ್ಜಿಯ ಹತ್ತಿ ಸೀರೆಗಿಂತ ಮೆತ್ತಗಿನದು ಅಂಗಡಿಯಲ್ಲಿ ಸಿಗುವುದಿಲ್ಲ. ಆ ಸೀರೆ ಯಾವ ಪೆಟ್ಟಿಗೆಯಿಂದ ಬಂತು ಅಂತ ಕೇಳಿ.

ನಾನಾದರೆ ಮೊದಲ ತಿಂಗಳುಗಳಲ್ಲಿ ಆ ಟ್ರಂಕಿನ ಬಟ್ಟೆ ಬಳಸುವುದೇ ಇಲ್ಲ. ಬಳಸಲೇಬೇಕು ಅಂದರೆ ಹಲವು ದಿನ ಬಿಸಿಲಿನಲ್ಲಿ, ಗಾಳಿಯಲ್ಲಿ ಹರಡಿ, ಒಗೆದು, ಮತ್ತೆ ಬಿಸಿಲಿಗೆ ಹಾಕಿ. ಮೂಗಿಗೆ ವಾಸನೆ ಬಂದರೆ ಗುಳಿಗೆ ಇನ್ನೂ ಬಟ್ಟೆಯಲ್ಲೇ ಇದೆ. ಅದರ ಬದಲು ಕರ್ಪೂರ ಇಡುತ್ತೇವೆ ಅನ್ನಬೇಡಿ, ಅದೂ ಮಕ್ಕಳಿಗೆ ವಿಷ. ಚೆನ್ನಾಗಿ ಒಣಗಿಸಿದ ಬಟ್ಟೆಯ ಜೊತೆ ಒಣ ಬೇವಿನ ಎಲೆ ಇಟ್ಟರೆ ಆಯಿತು.

ಹುಟ್ಟಿದ ಮೇಲೆ ಮಗುವಿನ ಕಣ್ಣು ಹಳದಿಯಾಗಿ, ಮೂತ್ರ ಗಾಢವಾಗಿ, ಹಾಲು ಕುಡಿಯದೆ ಮಂಕಾಗಿ ಬಿದ್ದರೆ ಆ ಗಳಿಗೆಯೇ ಆಸ್ಪತ್ರೆಗೆ ಹೊರಡಿ. ಕಾಮಾಲೆಗೆ ನಾಟಿ ಔಷಧಿ ಕೊಡುವವರು, ಬರೆ ಹಾಕುವವರು ಇನ್ನೂ ಇದ್ದಾರೆ. ಅವರ ಮನೆ ಬಾಗಿಲಿಗೆ ಹೋಗಿ ಬಂದು ಆಮೇಲೆ ನಮ್ಮ ಹತ್ತಿರ ಬರಬೇಡಿ.

ಇನ್ನೂ ಒಂದು ತಿಂಗಳು ಇದೆ ಅಂದಿರಲ್ಲ. ಟ್ರಂಕು ಈ ವಾರವೇ ಬಿಚ್ಚಿ. ಗುಳಿಗೆಗಳನ್ನು ಎಣಿಸಿ ಹೊರಗೆ ಹಾಕಿ, ಒಂದೂ ಕೆಳಗೆ ಉರುಳಬಾರದು. ನಿಮ್ಮ ದೊಡ್ಡ ಮಗು ಅದನ್ನು ಪೆಪ್ಪರ್‌ಮಿಂಟ್ ಅಂದುಕೊಳ್ಳುತ್ತದೆ.