ಯುಕೆಜಿ ಮಗು ಬರೆಯುದೇ ಇಲ್ಲ ಅಂತ ಬಂದ್ರು, ನಾವು ಶುರು ಮಾಡಿದ್ದು ಚೆನ್ನೆಮಣೆ ಆಟದಿಂದ

ಅಪ್ಪ ಅಮ್ಮನ ಒಪ್ಪಿಗೆ ತಗೊಂಡೇ ಇದನ್ನು ಬರೀತಿದ್ದೇನೆ, ಗುರುತು ಸಿಗುವಂಥ ವಿವರ ಎಲ್ಲ ಬದಲಾಯಿಸಿದ್ದೇನೆ. ಮಗುವನ್ನು ಪುಟ್ಟಿ ಅಂತ ಕರೆಯುವ. ವಯಸ್ಸು ನಾಲ್ಕು ಮುಕ್ಕಾಲು, ಉಡುಪಿ ಕಡೆಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಯುಕೆಜಿ, ಮನೆಮಾತು ತುಳು, ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರು, ಹಗಲು ನೋಡಿಕೊಳ್ಳುದು ಅಜ್ಜಿ.

ಅವರು ನನ್ನ ಹತ್ತಿರ ಸಲಹೆ ಕೇಳಿಕೊಂಡು ಬಂದದ್ದು ಜುಲೈಯಲ್ಲಿ, ಮಳೆ ಜೋರಾಗಿ ಡಿಸಿ ರಜೆ ಮೇಲೆ ರಜೆ ಕೊಡ್ತಿದ್ದ ಸಮಯ. ಡೈರಿಯಲ್ಲಿ ಟೀಚರ್ ಬರೆದಿದ್ರು, ಮಗು ಕ್ಲಾಸಲ್ಲಿ ಬರೆಯುದಿಲ್ಲ, ಮನೆಯಲ್ಲಿ ಪ್ರಾಕ್ಟೀಸ್ ಮಾಡಿಸಿ ಅಂತ. ಅಮ್ಮ ದಿನಾ ರಾತ್ರಿ ಕೂರಿಸಿ ಪುಟಗಟ್ಟಲೆ ಬರೆಸ್ಲಿಕ್ಕೆ ಶುರು ಮಾಡಿದ್ರು, ಮಗು ಅಳ್ಲಿಕ್ಕೆ ಶುರು ಮಾಡಿತು, ಆಮೇಲೆ ಶಾಲೆ ಇದ್ದ ದಿನ ಬೆಳಿಗ್ಗೆ ಹೊಟ್ಟೆನೋವು, ರಜೆ ಇದ್ದ ದಿನ ಎಂತದೂ ಇಲ್ಲ. "ಮೇಡಂ, ಇವಳಿಗೆ ಕಲಿಕೆಯ ಸಮಸ್ಯೆ ಉಂಟಾ?" ಅಂತ ಅಮ್ಮ ಕೇಳುವಾಗ ಅವರ ಕಣ್ಣಲ್ಲಿ ನೀರು ತುಂಬಿತ್ತು.

ನಾನು ಮಗುವಿನ ಜೊತೆ ನೆಲದಲ್ಲಿ ಕೂತೆ. ಕಥೆ ಹೇಳಿದ್ರೆ ತುಳುವಿನಲ್ಲಿ ಚಂದ ಹೇಳ್ತಾಳೆ, ಮೊದಲು ಎಂತ ಆಯ್ತು ಆಮೇಲೆ ಎಂತ ಆಯ್ತು ಅನ್ನುದು ಎಲ್ಲ ಸರಿಯಾಗಿ ಬರ್ತದೆ. ಪೆನ್ಸಿಲ್ ಕೊಟ್ರೆ ಮಾತ್ರ ಮುಷ್ಟಿಯಲ್ಲಿ ಹಿಡೀತಾಳೆ, ಎರಡು ಗೆರೆ ಎಳೆದು ಕೈ ನೋವು ಅಂತಾಳೆ. ಅಂಗಿಯ ಬಟನ್ ಹಾಕ್ಲಿಕ್ಕೆ ಬರುದಿಲ್ಲ, ಊಟ ಇನ್ನೂ ಅಜ್ಜಿಯೇ ತಿನ್ನಿಸುದು, ಕೈಗೆ ಮೊಬೈಲ್ ಬಿಟ್ಟು ಬೇರೆ ಕೆಲಸ ಕಡಿಮೆ. ಮಣ್ಣಿನ ಉಂಡೆ ಎದುರಿಟ್ಟಾಗ ಅವಳು ಹೇಳಿದ ಮಾತು ನನಗೆ ಇಡೀ ಪ್ರಕರಣಕ್ಕಿಂತ ದೊಡ್ಡದಾಗಿ ಕಂಡಿತು: "ಅಮ್ಮ ಮಾಡ್ಲಿ, ನಂದು ಚಂದ ಆಗುದಿಲ್ಲ."

ವಿಚಾರಿಸಿದ್ರೆ, ಎಲ್‌ಕೆಜಿಯಲ್ಲಿ ಶಾಲೆಯಿಂದ ಅಷ್ಟಮಿಗೆ ಕೊಳಲು, ದೀಪಾವಳಿಗೆ ಗೂಡುದೀಪ, ಕ್ರಿಸ್‌ಮಸ್‌ಗೆ ನಕ್ಷತ್ರ ಅಂತ ಪ್ರಾಜೆಕ್ಟ್ ಕೊಟ್ಟಿದ್ರು, ಎಲ್ಲವನ್ನೂ ಅಮ್ಮ ರಾತ್ರಿ ಕೂತು ಮಾಡಿದ್ರು, ಗೂಡುದೀಪಕ್ಕೆ ಬಹುಮಾನ ಸಹ ಬಂದಿತ್ತು. ಪಾಪ, ಅವರನ್ನು ದೂರ್ಲಿಕ್ಕೆ ಇಲ್ಲ, ಎಲ್ಲ ತಾಯಂದಿರೂ ಹಾಗೇ ಮಾಡ್ತಾರೆ. ಆದ್ರೆ ಬಹುಮಾನ ಬಂದ ವಸ್ತುವಿನಲ್ಲಿ ಆ ಮಗುವಿನ ಕೈ ಎಲ್ಲೂ ಇರಲಿಲ್ಲ, ಅದು ಮಗುವಿಗೂ ಗೊತ್ತಿತ್ತು.

ಮೊದಲ ಸಲಹೆ, ರಾತ್ರಿಯ ಬರವಣಿಗೆ ಆ ದಿನದಿಂದಲೇ ಬಂದ್. ಅಪ್ಪ ಒಪ್ಪಲಿಲ್ಲ, ಅಜ್ಜಿಯಂತೂ "ಬರೆಯದೆ ಅಕ್ಷರ ಬರುದು ಹೇಗೆ ಮಾರಾಯ್ರೆ" ಅಂದ್ರು. ನಾನು ವಿವರಿಸಿದೆ. ಮಣಿಕಟ್ಟಿನಲ್ಲಿ 8 ಸಣ್ಣ ಎಲುಬು ಉಂಟು, ಐದು ವರ್ಷಕ್ಕೆ ಅವೆಲ್ಲ ಗಟ್ಟಿಯಾಗಿರುದಿಲ್ಲ, ಕೊನೆಯದ್ದು ಗಟ್ಟಿಯಾಗ್ಲಿಕ್ಕೆ ಶುರುವಾಗುವಾಗಲೇ 9ರಿಂದ 12 ವರ್ಷ ಆಗ್ತದೆ. ಮಕ್ಕಳು ಸುಮಾರು 3ಕ್ಕೆ ವೃತ್ತ, 4ಕ್ಕೆ ಕೂಡಿಸುವ ಚಿಹ್ನೆ, 5ರ ಹೊತ್ತಿಗೆ ಚೌಕ ನೋಡಿ ಬರೀತಾರೆ, ತ್ರಿಕೋನ ಅದರ ನಂತರ. ಇದು ಬರುವ ಮೊದಲು ನಾಲ್ಕು ಗೆರೆ ಪುಸ್ತಕದಲ್ಲಿ ಅಕ್ಷರ ಬರೆಸುದು ಅಂದ್ರೆ ಪಾಯ ಹಾಕದೆ ಮನೆಯ ಮಾಡು ಕಟ್ಟಿದ ಹಾಗೆ. ಅಪ್ಪನಿಗೆ ಸರ್ಕಾರಿ ಆಧಾರ ಬೇಕಿತ್ತು, ಅದೂ ಉಂಟು: 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷವನ್ನು ಒಂದೇ ಬುನಾದಿ ಹಂತ ಅಂತ ಇಟ್ಟಿದೆ, 2022ರಲ್ಲಿ ಬಂದ ಆ ಹಂತದ ಪಠ್ಯಕ್ರಮ ಚೌಕಟ್ಟು ಆಟದ ಮೂಲಕ, ಆದಷ್ಟು ಮನೆಮಾತಲ್ಲಿ ಕಲಿಸಿ ಅಂತಲೇ ಹೇಳ್ತದೆ.

ಇನ್ನು ಕೈಗೆ ಕೆಲಸ ಎಲ್ಲಿಂದ ತರುದು? ಆನ್‌ಲೈನಲ್ಲಿ ಆ್ಯಕ್ಟಿವಿಟಿ ಕಿಟ್ ತರಿಸ್ಬೇಕಾ ಅಂತ ಅಮ್ಮ ಕೇಳಿದ್ರು. ಬೇಡ ಅಂದೆ, ನಮ್ಮೂರಿನ ತಿಂಗಳುಗಳಲ್ಲೇ ಬೇಕಾದ್ದು ಉಂಟು.

ಆಗ ತುಳುವರ ಆಟಿ ತಿಂಗಳು ಶುರುವಾಗ್ತಿತ್ತು. ಅಜ್ಜಿಯ ಹತ್ತಿರ ಹಳೆಯ ಚೆನ್ನೆಮಣೆ, ಅಂದ್ರೆ ಗುಳಿಗಳಿಗೆ ಕಾಯಿ ಹಂಚಿ ಆಡುವ ಮರದ ಮಣೆ, ಉಂಟಂತೆ, ಅಟ್ಟದಲ್ಲಿ. ಅದನ್ನು ಇಳಿಸ್ಲಿಕ್ಕೆ ಹೇಳಿದೆ. 14 ಗುಳಿ, ಗುಳಿಗೆ 4 ಕಾಯಿ, ಒಟ್ಟು 56. ಒಂದೊಂದೇ ಕಾಯಿ ಹೆಬ್ಬೆರಳು ತೋರುಬೆರಳಲ್ಲಿ ಎತ್ತಿ ಮುಂದಿನ ಗುಳಿಗೆ ಹಾಕುದು ಉಂಟಲ್ಲ, ಪೆನ್ಸಿಲ್ ಹಿಡೀಲಿಕ್ಕೆ ಬೇಕಾದ ಬೆರಳು ಅದೇ. ಮತ್ತೆ ಎಣಿಸದೆ ನೋಡಿದ ಕೂಡಲೇ "ನಾಲ್ಕು" ಅನ್ನುದು, ಒಂದು ಕಾಯಿಗೆ ಒಂದು ಗುಳಿ, ಸರದಿ ಕಾಯುದು, ಸೋತ್ರೂ ಕೂರುದು. ಆಟದ ಪೂರ್ತಿ ನಿಯಮ ಈಗಲೇ ಬೇಡ, ಬರೀ ಹಂಚಿಕೊಂಡು ಹೋದ್ರೂ ಸಾಕು ಅಂದೆ. ಒಂದು ಎಚ್ಚರಿಕೆ ಗಟ್ಟಿಯಾಗಿ ಹೇಳಿದೆ, ಇಲ್ಲೂ ಹೇಳ್ತೇನೆ: ಕಾಯಿ ಕಳೆದುಹೋದ್ರೆ ಮಂಜೊಟ್ಟಿ (ಇಡೀ ಕೆಂಪಾಗಿರುವ ಬೀಜ) ಅಥವಾ ಹುಣಸೆ ಬೀಜ ಹಾಕಿ, ಕಪ್ಪು ಕಣ್ಣಿನ ಗುಲಗಂಜಿ ಮಾತ್ರ ಬೇಡವೇ ಬೇಡ, ಅದನ್ನು ಜಗಿದ್ರೆ ಘೋರ ವಿಷ. ಮನೆಯಲ್ಲಿ ಮೂರು ವರ್ಷದ ಒಳಗಿನ ಮಗು ಇದ್ರೆ ಯಾವ ಬೀಜವೂ ನೆಲದಲ್ಲಿ ಬಿಡ್ಬಾರದು, ಗಂಟಲಲ್ಲಿ ಸಿಕ್ಕಿಕೊಳ್ತದೆ.

ನಾಗರಪಂಚಮಿಗೆ ಅರಿಶಿನ ಎಲೆ ಕಡುಬು ಹೇಗೂ ಮಾಡ್ತಾರೆ, ಎಲೆ ಒರೆಸಿ ಹಿಟ್ಟು ಬೆರಳಲ್ಲಿ ಹರಡಿ ಅಂಚಿಗೆ ಅಂಚು ಸೇರಿಸಿ ಮಡಚುದು ಪುಟ್ಟಿಯ ಕೆಲಸ. ಒಂದು ಕೈ ಹಿಡೀಬೇಕು ಇನ್ನೊಂದು ಕೈ ಕೆಲಸ ಮಾಡ್ಬೇಕು, ಬರೆಯುವಾಗ ಬೇಕಾದ್ದೂ ಇದೇ. ಮಣ್ಣಲ್ಲಿ ಹಾವು ಉದ್ದ ಮಾಡಿ ಬಗ್ಗಿಸಿ ರ, ಗ ಎಲ್ಲ ಮಾಡ್ಬಹುದು. ಸರ್ಕಾರಿ ಶಾಲೆಯ ಚಟುವಟಿಕೆ ಪದ್ಧತಿ ನಲಿಕಲಿಯಲ್ಲಿ ರ ಗ ಸ ದ ಅ ಅಂತ ಶುರು ಮಾಡುದು ಸುಮ್ಮನೆ ಅಲ್ಲ, ನಮ್ಮ ಅಕ್ಷರ ಎಲ್ಲ ಹೆಚ್ಚಾಗಿ ತಿರುವು, ಬೆರಳಿಗೆ ಮೊದಲು ತಿರುವು ಗೊತ್ತಾಗ್ಬೇಕು.

ಅಷ್ಟಮಿಗೆ ಹುಲಿವೇಷ. ಉಡುಪಿ ಮಕ್ಕಳಿಗೆ ಹುಲಿವೇಷದ ತಾಸೆ ವಾದ್ಯದ ಪೆಟ್ಟು ಕೇಳಿದ್ರೆ ಕಾಲು ನಿಲ್ಲುದಿಲ್ಲ, ಪುಟ್ಟಿಯೂ ಹಾಗೆ. ಹಳೆ ಕ್ಯಾಲೆಂಡರಿನ ಹಿಂದೆ ಹುಲಿಯ ಆಕಾರ ಬರೆದು ಗೋಡೆಗೆ ಅಂಟಿಸಿ, ಪಟ್ಟೆ ಅವಳೇ ಹಾಕ್ಲಿ ಅಂದೆ. ಓರೆ ಗೆರೆ, ಅಡ್ಡ ಗೆರೆ, ಬಾಗಿದ ಗೆರೆ, ಎಲ್ಲ ಬಂತಲ್ಲ. ಗೋಡೆಯಲ್ಲಿ ಬರೆಯುವಾಗ ಮಣಿಕಟ್ಟು ತಾನಾಗಿ ಹಿಂದೆ ಬಾಗ್ತದೆ, ಭುಜಕ್ಕೂ ಶಕ್ತಿ ಬರ್ತದೆ. ಚೌತಿಗೆ ಆವೆಮಣ್ಣು, ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮಾತೆ ಮೇರಿಯ ಹುಟ್ಟುಹಬ್ಬ) ಪಕ್ಕದ ಮನೆಯ ಕ್ರಿಶ್ಚಿಯನ್ ಮಕ್ಕಳ ಜೊತೆ ಹೂ ಕೊಯ್ದು ಬಣ್ಣ ಬಣ್ಣ ಬೇರೆ ಮಾಡುದು. ಗೂಡುದೀಪಕ್ಕೆ ಬಿದಿರ ಕಡ್ಡಿಯ ಚೌಕಟ್ಟು ಅಪ್ಪ ಕಟ್ಲಿ, ಕಾಗದದ ಬಾಲ ಕತ್ತರಿಸುದು ಅಂಟಿಸುದು ಮಗು.

ಈ ಎಲ್ಲದಕ್ಕೂ ಅಮ್ಮನಿಗೆ ಒಂದು ಷರತ್ತು ಇಟ್ಟೆ. ಮಗು ಮುಗಿಸಿದ್ದನ್ನು ಸರಿ ಮಾಡ್ಲಿಕ್ಕೆ ಇಲ್ಲ. ಓರೆ ಇದ್ರೆ ಓರೆ. "ಚಂದ ಉಂಟು" ಅಂತ ಸುಮ್ಮನೆ ಹೊಗಳುದೂ ಬೇಡ, "ಇಲ್ಲಿ ಎಷ್ಟು ಪಟ್ಟೆ ಹಾಕಿದ್ದಿ, ಇದು ಮೇಲೆ ಹೋದದ್ದು ಹೇಗೆ" ಅಂತ ತುಳುವಲ್ಲೇ ಕೇಳಿ, ಅವಳು ಹೇಳ್ಲಿ. ಮಾತು ಬೆಳೆಯುದು ಅಲ್ಲಿ. ಶಾಲೆಗೆ ಸಹ ಆ ಓರೆಯದ್ದೇ ಹೋಗ್ಬೇಕು. ಅಮ್ಮನಿಗೆ ಇದು ಎಲ್ಲಕ್ಕಿಂತ ಕಷ್ಟ ಆಯ್ತು, ಬೇರೆ ಮಕ್ಕಳದ್ದು ಪಳಪಳ ಹೊಳೆಯುವಾಗ ನಮ್ಮದು ಹೀಗೆ ಅಂತ ಫೋನ್ ಮಾಡಿ ಬೇಜಾರು ಹೇಳಿಕೊಂಡ್ರು, ನಾನು ಆದ್ರೂ ಬಿಡಲಿಲ್ಲ. ಟೀಚರಿಗೆ ಒಂದು ಪತ್ರ ಬರೆದುಕೊಟ್ಟೆ, ಅವರೂ ಒಳ್ಳೆಯವರೇ, ಇಡೀ ಪುಟದ ಬದಲು ಎರಡು ಸಾಲು ಸಾಕು ಅಂತ ಒಪ್ಪಿದ್ರು.

ಡಿಸೆಂಬರಿನಲ್ಲಿ ಮತ್ತೆ ನೋಡಿದೆ. ಹೊಟ್ಟೆನೋವು ಚೌತಿ ಹೊತ್ತಿಗೇ ಹೋಗಿತ್ತಂತೆ. ಪೆನ್ಸಿಲ್ ಈಗ ಮೂರು ಬೆರಳಲ್ಲಿ ಬಂದಿದೆ, ಚೌಕ ಬರೀತಾಳೆ, ತ್ರಿಕೋನದ ಮೂಲೆ ಇನ್ನೂ ಉರುಟಾಗ್ತದೆ. ತನ್ನ ಹೆಸರಿನ ಮೊದಲ ಅಕ್ಷರ ಕೇಳದೆಯೇ ಬರೆದು ತೋರಿಸಿದಳು. ಕತ್ತರಿ ಮಾತ್ರ ಇನ್ನೂ ಸರಿ ಬರುದಿಲ್ಲ, ಗೆರೆ ಬಿಟ್ಟು ಹೋಗ್ತದೆ, ಬರವಣಿಗೆಯೂ ಕ್ಲಾಸಿನ ಉಳಿದವರಿಗಿಂತ ನಿಧಾನವೇ. ಅಜ್ಜಿ ಊಟ ತಿನ್ನಿಸುದು ನಿಲ್ಲಿಸಿದ್ದಾರೆ, ನನಗೆ ಅದು ಅಕ್ಷರಕ್ಕಿಂತ ಹೆಚ್ಚು ಖುಷಿ ಕೊಟ್ಟಿತು.

ಓದುವ ಬೇರೆ ಅಪ್ಪ ಅಮ್ಮಂದಿರಿಗೆ: ಎಲ್ಲ ಮಕ್ಕಳಿಗೂ ಕೈಕೆಲಸವೇ ಮದ್ದು ಅಂತ ನಾನು ಹೇಳುದಿಲ್ಲ. ಮಗು ಒಂದು ಕೈ ಉಪಯೋಗಿಸುದೇ ಇಲ್ಲ, ಮೊದಲು ಬರ್ತಿದ್ದದ್ದು ಈಗ ಬರುದಿಲ್ಲ, ಪದೇ ಪದೇ ಬೀಳ್ತದೆ, ಮಾತು ತುಂಬ ಹಿಂದೆ ಉಳಿದಿದೆ, ವಸ್ತುವನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡ್ತದೆ ಅಂತಾದ್ರೆ ಹಬ್ಬ ಕಾಯದೆ ಮಕ್ಕಳ ಡಾಕ್ಟರಿಗೆ ತೋರಿಸಿ, ಬೇಕಾದ್ರೆ ಅವರು ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಕ್ಕೆ ಕೈ ಮೈ ಪಳಗಿಸುವ ತಜ್ಞರು) ಹತ್ತಿರ ಕಳಿಸ್ತಾರೆ. ಪುಟ್ಟಿಗೆ ಅಂಥದ್ದು ಯಾವುದೂ ಇರಲಿಲ್ಲ. ಬೇಸಿಗೆ ರಜೆಗೆ ತೆಂಗಿನ ಗರಿ ಕೊಟ್ಟಿದ್ದೇನೆ, ಒಂದರ ಮೇಲೆ ಒಂದರ ಕೆಳಗೆ ಹಾಕಿ ಚಾಪೆ ಹೆಣೆಯುದು, ಗಿರಗಿಟ್ಟಲೆ ಮಾಡುದು, ಕತ್ತರಿಗೆ ದಪ್ಪ ಕಾಗದದ ಸಣ್ಣ ಪಟ್ಟಿ. ಜೂನಿನಲ್ಲಿ ಒಂದನೇ ಕ್ಲಾಸಿಗೆ ಸೇರಿಸ್ಬೇಕಾ ಇನ್ನೊಂದು ವರ್ಷ ಕಾಯ್ಬೇಕಾ ಅನ್ನುದನ್ನು ಎಪ್ರಿಲ್‌ನಲ್ಲಿ ಟೀಚರನ್ನೂ ಕೂರಿಸಿಕೊಂಡು ಮಾತಾಡುವ ಅಂತ ಹೇಳಿದ್ದೇನೆ.